ಅಪ್‌ಡೇಟ್: ಕಾರ್ಬನ್–ಸ್ಟೇನ್‌ಲೆಸ್ ಜಾಯಿಂಟಿನ ಚಾರ್ಪಿ ಪರೀಕ್ಷೆ
ಎಸ್‌ಎ 516 ಗ್ರೇಡ್ 70 ಕಾರ್ಬನ್ ಸ್ಟೀಲ್ ಪ್ಲೇಟಿಗೆ 304ಎಲ್ ಸ್ಟೇನ್‌ಲೆಸ್ ವೆಲ್ಡ್ ಮಾಡಿ ಸೇರಿಸುವಾಗ ಚಾರ್ಪಿ (ತುಂಡನ್ನು ಲೋಲಕದ ಸುತ್ತಿಗೆಯಿಂದ ಹೊಡೆದು, ಹೊಡೆತ ತಾಳುವ ಶಕ್ತಿ ಅಳೆಯುವ ಪರೀಕ್ಷೆ) ನಾಚ್, ಅಂದರೆ ಕಚ್ಚು, ಎಲ್ಲಿ ಹಾಕಬೇಕು ಅಂತ ಕೇಳಿದ್ದೆ. ಮಾಚೇನಹಳ್ಳಿಯ ಶಾಪ್‌ನಲ್ಲಿ ಕೆಲಸ ಮುಗಿಯಿತು.

ವೆಲ್ಡಿಗೆ 3 ಪೀಸ್, ಕಾರ್ಬನ್ ಕಡೆಯ ಹೆಚ್‌ಎಝಡ್‌ಗೆ (ವೆಲ್ಡ್ ಪಕ್ಕದಲ್ಲಿ ಶಾಖದಿಂದ ಗುಣ ಬದಲಾದ ಭಾಗ) 3. ಎಲ್ಲವೂ 10×10×55 ಮಿ.ಮೀ. ತೊಡಕಿದ್ದದ್ದು ಹೆಚ್‌ಎಝಡ್‌ನಲ್ಲೇ. ವಿ ಗ್ರೂವ್‌ನ ಇಳಿಜಾರಿನಿಂದ ನಾಚ್‌ನ ಒಂದು ಭಾಗ 309ಎಲ್ (ಸ್ಟೇನ್‌ಲೆಸ್ ಫಿಲ್ಲರ್) ವೆಲ್ಡಿನಲ್ಲಿ ಬೀಳುತ್ತದೆ, ಅದು ಆಸ್ಟೆನಿಟಿಕ್ (ತಣ್ಣಗಿದ್ದರೂ ಸುಲಭಕ್ಕೆ ಮುರಿಯದ ರಚನೆ) ಆದ್ದರಿಂದ ರೀಡಿಂಗ್ ಸುಮ್ಮನೆ ಜಾಸ್ತಿ ಬರುತ್ತದೆ. ಅಂಥ ಅಂಕಿ ನೋಡಿ ಖುಷಿಪಡಬೇಡಿ! ಕಾರ್ಬನ್ ಅಂಚನ್ನು ನೇರವಾಗಿಟ್ಟು ಬೆವೆಲ್ (ಇಳಿಜಾರು ಅಂಚು) ಸ್ಟೇನ್‌ಲೆಸ್ ಕಡೆಗೆ ಮಾತ್ರ ಕೊಟ್ಟೆವು. ನೈಟಾಲ್ (ನೈಟ್ರಿಕ್ ಆಮ್ಲ ಬೆರೆಸಿದ ಆಲ್ಕೋಹಾಲ್) ಹಚ್ಚಿ ಹೆಚ್‌ಎಝಡ್ ಕಂಡ ಮೇಲೆಯೇ ನಾಚ್‌ಗೆ ಗುರುತು.

ಪರೀಕ್ಷೆಗೆ ಮುಂಚೆ ಪೀಸ್ ತಣ್ಣನೆಯ ದ್ರವದಲ್ಲಿ ಕನಿಷ್ಠ 5 ನಿಮಿಷ. ತೆಗೆದ 5 ಸೆಕೆಂಡಿನೊಳಗೆ ಹೊಡೆತ. ಪರೀಕ್ಷೆಯಲ್ಲಿ ಪಾಸಾದ ಹೀಟ್ ಇನ್‌ಪುಟ್ಟೇ (ವೆಲ್ಡಿಗೆ ಕೊಟ್ಟ ಶಾಖ) ಮುಂದೆ ಮಿತಿ, ಅದಕ್ಕೆ ಪ್ರತಿ ವೆಲ್ಡ್ ಪಾಸಿನ (ಒಂದು ಸಲದ ವೆಲ್ಡ್ ಓಟ) ಆಂಪ್ಸ್, ವೋಲ್ಟ್ಸ್, ವೇಗ ಬರೆದಿಡಿ. ನಮ್ಮ ಮಳೆಗಾಲದಲ್ಲಿ ವೆಲ್ಡಿಂಗ್ ರಾಡ್ ತೇವ ಹಿಡಿಯದಂತೆ ಓವನ್‌ನಿಂದ ಬೇಕಾದಷ್ಟೇ ತೆಗೆಯಿರಿ.