ಗಿರಣಿಯಲ್ಲಿ ಮಗ್ಗ ನಡೆಸಿದವಳು ‘ನೇಕಾರ’ಳೇ?

ಅಮೆರಿಕದ ಲೋವೆಲ್ ಪಟ್ಟಣದಲ್ಲಿ 1835ರಲ್ಲಿ ಹುಟ್ಟಿದ ಬೂಟ್ ಹತ್ತಿ ಗಿರಣಿ ಈಗ ವಸ್ತುಸಂಗ್ರಹಾಲಯವಾಗಿದೆ. ಅದನ್ನು ನೋಡಿ ಬಂದು ಕನ್ನಡದಲ್ಲಿ ಬರೆಯಲು ಕುಳಿತಿದ್ದೇನೆ. ಒಂದು ಪದದ ಬಳಿ ಬರವಣಿಗೆ ನಿಂತಿದೆ: ಅಲ್ಲಿ ಮಗ್ಗ ನಡೆಸುತ್ತಿದ್ದ ಹೆಂಗಸರನ್ನು ‘ನೇಕಾರರು’ ಎನ್ನಬಹುದೇ?

ಸಲಕರಣೆಗಳ ಹೆಸರಿಗೆ ತೊಡಕಾಗಲಿಲ್ಲ. ಹಾಸು (ಉದ್ದದ ಎಳೆ), ಹೊಕ್ಕು (ಅಡ್ಡ ಎಳೆ), ಹೊಕ್ಕನ್ನು ಒಯ್ಯುವ ಲಾಳಿ, ಲಾಳಿಯೊಳಗೆ ಕೂರುವ ನೂಲು ಸುತ್ತಿದ ಕಂಡಿಕೆ, ಎಲ್ಲಕ್ಕೂ ಕೈಮಗ್ಗದ ಮಾತೇ ಸಾಕು; ಹೊಸದಾಗಿ ಸಂಸ್ಕೃತದಿಂದ ಕಟ್ಟುವ ಅಗತ್ಯವೇ ಇಲ್ಲ. ತೊಡಕಿರುವುದು ಕೆಲಸದ ಸ್ವರೂಪದಲ್ಲಿ. ನೇಯ್ಗೆ ಕೋಣೆಯಲ್ಲಿ ಸಾಲಾಗಿ ನಿಂತ ಮಗ್ಗಗಳನ್ನು ಚಾವಣಿಯಡಿ ತಿರುಗುವ ದಂಡಗಳಿಂದ ಇಳಿದ ಪಟ್ಟಿಗಳು ನಡೆಸುತ್ತವೆ. ನಮಗೆ ತೋರಿಸಲು ಓಡಿಸುವುದು ಕೆಲವನ್ನಷ್ಟೇ. ಆದರೂ ಒಳಗೆ ಹೋಗುವವರ ಕೈಗೆ ಮೊದಲೇ ಕಿವಿಗೆ ಇಟ್ಟುಕೊಳ್ಳುವ ಬಿರಡೆ ಕೊಡುತ್ತಾರೆ. ಲಾಳಿ ಒಂದು ತುದಿಯಿಂದ ಇನ್ನೊಂದಕ್ಕೆ ಬಡಿಯುವಾಗ ಕಾಲಡಿಯ ಹಲಗೆಯೂ ನಡುಗುತ್ತದೆ.

ಇಲ್ಲಿ ಲಾಳಿ ಎಸೆಯುವ ಕೈ ಮನುಷ್ಯರದಲ್ಲ. ಒಬ್ಬ ಹೆಂಗಸು ಹಲವು ಮಗ್ಗಗಳ ನಡುವೆ ಓಡಾಡುತ್ತ, ನೂಲು ಮುಗಿದ ಕಂಡಿಕೆಯನ್ನು ಬದಲಿಸುತ್ತ, ಹರಿದ ಎಳೆಯನ್ನು ಹುಡುಕಿ ಗಂಟು ಹಾಕುತ್ತ ಇರಬೇಕಿತ್ತು. ಎಳೆ ಒಣಗಿ ಹರಿಯಬಾರದೆಂದು ಕಿಟಕಿಗಳನ್ನೂ ಮುಚ್ಚಿಡುತ್ತಿದ್ದರು. ದಿನಕ್ಕೆ ಹನ್ನೆರಡು ಗಂಟೆಗೂ ಮೀರಿದ ದುಡಿಮೆ. ಹಾಗಾದರೆ ನೇಯುತ್ತಿದ್ದದ್ದು ಯಂತ್ರವೋ ಅವಳೋ?

ಇಂಗ್ಲಿಷಿನಲ್ಲಿ ಈ ಪ್ರಶ್ನೆಯೇ ಏಳದು, ಕೈಮಗ್ಗದವರಿಗೂ ಇವರಿಗೂ ಅಲ್ಲಿ ಒಂದೇ ಪದ, ‘ವೀವರ್’. ಕನ್ನಡದ ‘ನೇಕಾರ’ದಲ್ಲಿ ಕಸುಬಿನ ಜೊತೆಗೆ ಮನೆತನ, ಸಮುದಾಯಗಳ ನೆನಪೂ ಇದೆ. ಲೋವೆಲ್‌ಗೆ ಬಂದವರಲ್ಲಿ ಆರಂಭದ ದಶಕಗಳಲ್ಲಿ ಹೆಚ್ಚಿನವರು ಒಕ್ಕಲು ಮನೆಯ ಹೆಣ್ಣುಮಕ್ಕಳು. ಮಗ್ಗ ಅವರ ಸ್ವಂತದ್ದಲ್ಲ, ನೂಲೂ ಅವರದಲ್ಲ. ನಮ್ಮ ಪತ್ರಿಕೆಗಳು ‘ವಿದ್ಯುತ್ ಮಗ್ಗ ನೇಕಾರರು’ ಎಂದು ಬರೆಯುತ್ತವೆ, ನಿಜ. ಆದರೆ ಅವರಲ್ಲಿ ಅನೇಕರು ಸ್ವಂತ ಮಗ್ಗ ಇಟ್ಟುಕೊಂಡವರು.

ಇವರನ್ನು ಇಂಗ್ಲಿಷಿನಲ್ಲಿ ಕರೆಯುವ ‘ಮಿಲ್ ಗರ್ಲ್ಸ್’ಗೆ ‘ಗಿರಣಿ ಹುಡುಗಿಯರು’ ಎಂಬ ನೇರ ಅನುವಾದ ನನಗೆ ಒಪ್ಪಿಗೆಯಿಲ್ಲ. 1834ರಲ್ಲಿ ಕೂಲಿ ಕಡಿತದ ವಿರುದ್ಧ, 1836ರಲ್ಲಿ ವಸತಿ ಖರ್ಚಿನ ಏರಿಕೆಯ ವಿರುದ್ಧ ಲೋವೆಲ್‌ನ ಗಿರಣಿಗಳಿಂದ ಹೊರನಡೆದು ಮುಷ್ಕರ ಹೂಡಿದವರು ಇವರು. ‘ಕಾರ್ಮಿಕರು’ ಎಂದರೆ ಗೌರವವೇನೋ ಉಳಿಯುತ್ತದೆ, ಆದರೆ ಹರಿದ ಎಳೆಯನ್ನು ಕ್ಷಣದಲ್ಲಿ ಕಂಡುಹಿಡಿಯುವ ಆ ಕಣ್ಣು, ಆ ಬೆರಳು ಮರೆಯಾಗುತ್ತವೆ. ಸದ್ಯಕ್ಕೆ ‘ಮಗ್ಗದವಳು’, ‘ಮಗ್ಗದವರು’ ಎಂದು ಬರೆದುಕೊಂಡಿದ್ದೇನೆ. ‘ಗಾಡಿಯವನು’, ‘ಹೂವಿನವಳು’ ಎನ್ನುವ ನಮ್ಮ ರೂಢಿಗೆ ಅದು ಹೊಂದುತ್ತದೆ, ಮಗ್ಗ ಯಾರದೆಂಬ ಮಾತನ್ನೂ ಎತ್ತುವುದಿಲ್ಲ.

ಬಟ್ಟೆ ಗಿರಣಿಯಲ್ಲಿ ದುಡಿದವರು, ಅಂಥವರ ಮನೆಯಲ್ಲಿ ಬೆಳೆದವರು ನಿಮ್ಮಲ್ಲಿದ್ದರೆ ದಯವಿಟ್ಟು ತಿಳಿಸಿ: ನೇಯ್ಗೆ ಖಾತೆಯಲ್ಲಿದ್ದವರು ತಮ್ಮನ್ನು ತಾವು ಏನೆಂದು ಹೇಳಿಕೊಳ್ಳುತ್ತಿದ್ದರು? ‘ನೇಯುತ್ತೇನೆ’ ಎನ್ನುತ್ತಿದ್ದರೋ, ‘ಮಗ್ಗ ಓಡಿಸುತ್ತೇನೆ’ ಎನ್ನುತ್ತಿದ್ದರೋ?