ಪಾರ್ಕಿನಲ್ಲಿ ಮಗು ಕಾಯುವವರು ಎಲ್ಲಿ ಕೂರಬೇಕು?

ತೀರ್ಥಹಳ್ಳಿ ಅಜ್ಜಿ:
ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದೇನೆ. ಮಗ, ಸೊಸೆ ಇಬ್ಬರೂ ಆಫೀಸಿಗೆ ಹೋಗುವವರು. ಮೂರು ವರ್ಷದ ಮೊಮ್ಮಗನನ್ನು ಸಂಜೆ ಪಾರ್ಕಿಗೆ ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸ, ಖುಷಿಯಿಂದಲೇ ಮಾಡುತ್ತೇನೆ. ಆದರೆ ಕಲ್ಲುಬೆಂಚುಗಳೆಲ್ಲ ವಾಕಿಂಗ್ ಮಾಡುವ ಕಡೆ, ಜಾರುಬಂಡೆ ಇನ್ನೊಂದು ಮೂಲೆಯಲ್ಲಿ, ಮಧ್ಯೆ ದಾಸವಾಳದ ಬೇಲಿ. ಬೆಂಚಿನ ಮೇಲೆ ಕೂತರೆ ಮಗು ಕಾಣುವುದಿಲ್ಲ. ಜಾರುಬಂಡೆ ಬುಡದಲ್ಲಿ ನಿಂತೇ ಇರಬೇಕು. ಕತ್ತಲಾಗುವಷ್ಟರಲ್ಲಿ ಮಂಡಿ ಹಿಡಿದುಕೊಂಡಿರುತ್ತದೆ. ಟಾಯ್ಲೆಟ್ಟಿಗೆ ಬೀಗ. ಅದಕ್ಕೇ ಮಧ್ಯಾಹ್ನ ಊಟವಾದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದೇನೆ. ಅಲ್ಲಿಗೆ ಬರುವ ಬೇರೆ ಅಜ್ಜಿಯರು, ಕೆಲಸದ ಹೆಣ್ಣುಮಕ್ಕಳು ಮಾಡುವುದೂ ಇದನ್ನೇ. ಹೊಸ ಉಯ್ಯಾಲೆ ತರುವಾಗ ಮಗು ಕಾಯುವವರ ನೆನಪು ಯಾರಿಗೂ ಆಗಲಿಲ್ಲವಲ್ಲ! ನಿಮ್ಮ ಕಡೆ ಏನು ಮಾಡಿದ್ದೀರಿ? ಇನ್ನೊಂದು ಮಾತು, ಮೊಮ್ಮಗ "ನೀನೂ ಬಾ" ಅಂತ ಹಟ ಮಾಡುತ್ತಾನೆ. ತೊಡೆ ಮೇಲೆ ಕೂರಿಸಿಕೊಂಡು ಜಾರಬಹುದೇ?

ಫಿಸಿಯೋ, ಮೈಸೂರು:
ಅಮ್ಮಾ, ತೊಡೆ ಮೇಲೆ ಬೇಡವೇ ಬೇಡ. ಮಗುವಿನ ಶೂ ಜಾರುಬಂಡೆಯ ಅಂಚಿಗೆ ಸಿಕ್ಕಿದರೆ ಕಾಲು ಅಲ್ಲೇ ನಿಲ್ಲುತ್ತದೆ, ದೊಡ್ಡವರ ಭಾರ ಮಾತ್ರ ಕೆಳಗೆ ಎಳೆಯುತ್ತದೆ. ಪುಟ್ಟ ಮಕ್ಕಳ ಮೊಣಕಾಲಿನ ಕೆಳಗಿನ ಎಲುಬು ಹೀಗೆ ಮುರಿಯುತ್ತದೆ. ಅವನೊಬ್ಬನೇ ಜಾರಲಿ, ನೀವು ಪಕ್ಕದಲ್ಲಿರಿ.
ನೀರು ಮಾತ್ರ ಬಿಡಬೇಡಿ. ಉರಿಮೂತ್ರ ಶುರುವಾಗುವುದೇ ಹೀಗೆ. ವಯಸ್ಸಾದಂತೆ ಬಾಯಾರಿಕೆಯೂ ಸರಿಯಾಗಿ ಗೊತ್ತಾಗುವುದಿಲ್ಲ. ಬಿಪಿ ಮಾತ್ರೆ ತೆಗೆದುಕೊಳ್ಳುವವರಾದರೆ ನಿಂತಲ್ಲೇ ತಲೆಸುತ್ತು ಬರಬಹುದು. ಬೆಂಚಿನ ವ್ಯವಸ್ಥೆ ಆಗುವವರೆಗೆ ಒಂದು ಮಡಚುವ ಸ್ಟೂಲ್ ಒಯ್ಯಿರಿ, ತೀರಾ ತಗ್ಗಿನದು ಬೇಡ, ಏಳುವಾಗ ಮಂಡಿಗೇ ಪೆಟ್ಟು.

ಮಗು ನೋಡ್ಕೊಳ್ಳೋಳು:
ನಾನು ಅಪಾರ್ಟ್‌ಮೆಂಟಲ್ಲಿ ಕೆಲ್ಸ ಮಾಡ್ತೀನಿ ಅಜ್ಜಿ. ಇಲ್ಲಿ ಬೆಂಚು ಪಕ್ಕದಲ್ಲೇ ಇದೆ, ಆದ್ರೂ ಕೂರೋಕೆ ಭಯ. ಹೋದ ತಿಂಗ್ಳು ಒಬ್ಳು ಐದು ನಿಮಿಷ ಕೂತಿದ್ದಕ್ಕೆ ಯಾರೋ ಬಾಲ್ಕನಿಯಿಂದ ಫೋಟೋ ತೆಗ್ದು ಗ್ರೂಪಿಗೆ ಹಾಕಿದ್ರು. ಮಗು ಅವಳ ಕಾಲ ಹತ್ರಾನೇ ಮಣ್ಣಾಡ್ತಿತ್ತು. ಅದು ಫೋಟೋದಲ್ಲಿ ಇರ್ಲಿಲ್ಲ. ಬೆಳಿಗ್ಗೆ ಎಂಟಕ್ಕೆ ಬಂದೋರು ನಾವು, ಸಂಜೆ ಕಾಲು ಸೋತೋಗಿರುತ್ತೆ.

ವಿಜಯನಗರದ ನಿವಾಸಿ:
ಹೊಸ ಬೆಂಚು ಕೇಳಿದರೆ "ಅನುದಾನ ಬರಲಿ" ಎನ್ನುತ್ತಾರೆ. ಇರುವ ಎರಡು ಬೆಂಚುಗಳನ್ನೇ ಜಾರುಬಂಡೆ ಎದುರಿಗೆ, ನೆರಳಿಗೆ ಸರಿಸಿ ಎಂದು ಪಾಲಿಕೆಯ ತೋಟಗಾರಿಕೆ ವಿಭಾಗಕ್ಕೆ ಬರೆಯಿರಿ, ಫೋಟೋ ಲಗತ್ತಿಸಿ. ಪಾಲಿಕೆಯ ಸಹಾಯವಾಣಿ 1533ಕ್ಕೂ ದೂರು ಕೊಟ್ಟು, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಪಾಲಿಕೆ ಪಾರ್ಕುಗಳು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿರಬೇಕೆಂದು 2024ರಲ್ಲೇ ಆದೇಶವಾಗಿದೆ. ಪಾರ್ಕ್ ತೆರೆದಿರುವಾಗ ಟಾಯ್ಲೆಟ್ಟಿಗೇಕೆ ಬೀಗ ಎಂದು ಅದರಲ್ಲೇ ಕೇಳಿ.

ತೀರ್ಥಹಳ್ಳಿ ಅಜ್ಜಿ:
ಎಲ್ಲರಿಗೂ ಉಪಕಾರವಾಯಿತು. ಬೆಂಚು ಸರಿಸುವ ಅರ್ಜಿಯನ್ನು ಸೊಸೆ ಇವತ್ತೇ ಟೈಪ್ ಮಾಡಿಕೊಡುತ್ತಾಳೆ. ಅಪಾರ್ಟ್‌ಮೆಂಟಿನ ಮಗಳೇ, ನಮ್ಮ ಪಾರ್ಕಿಗೆ ಬರುವ ಕೆಲಸದ ಹೆಣ್ಣುಮಕ್ಕಳ ಸಹಿಯನ್ನೂ ಹಾಕಿಸೋಣ ಅಂತಿದ್ದೆ. ಅದರಿಂದ ಅವರ ಕೆಲಸಕ್ಕೆ ಕುತ್ತು ಬಂದೀತೇ? ಹಾಗಿದ್ದರೆ ಅಜ್ಜಿ-ತಾತಂದಿರೇ ಸಹಿ ಹಾಕಿ, ಅವರ ಮಾತನ್ನೂ ಒಳಗೆ ಸೇರಿಸುತ್ತೇವೆ. ನೀನು ಹೇಳು.