ಸಹಾಯ ಬೇಕು: ಪ್ರದರ್ಶನದ ತೋಟದಲ್ಲಿ ನೆಲ ಅಗೆಯದೆ ಮರ ನಿಲ್ಲಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ತೋಟ ಪ್ರದರ್ಶನವೊಂದರ ಹೊಸ ವಿನ್ಯಾಸಕರ ವಿಭಾಗದಲ್ಲಿ 6×4 ಮೀಟರ್ ಜಾಗ ಸಿಕ್ಕಿದೆ. ಕೆಳಗೆ ಕಾಂಕ್ರೀಟ್, ಅಗೆಯುವಂತಿಲ್ಲ. ಕಟ್ಟಲು 5 ದಿನ ಮಾತ್ರ.

ಗಿಡಗಳ ಪಾತಿ 12 ಚದರ ಮೀಟರ್. 30 ಸೆಂ.ಮೀ. ಮಣ್ಣು ತುಂಬಿದರೆ 3.6 ಘನ ಮೀಟರ್, ಒದ್ದೆಯಾದಾಗ ಸುಮಾರು 6 ಟನ್ ಭಾರ. ಅಷ್ಟನ್ನು ತಂದು ಮತ್ತೆ ಸಾಗಿಸುವುದು ಶುದ್ಧ ದಂಡ. ಹಾಗಾಗಿ ಗಿಡಗಳನ್ನು ಕುಂಡದಲ್ಲೇ ಬಿಟ್ಟು, ಖಾಲಿ ಕ್ರೇಟ್‌ಗಳಿಂದ ಎತ್ತರ ಸರಿಮಾಡಿ, ಮೇಲೆ 6 ಸೆಂ.ಮೀ. ಕೋಕೋಪಿಟ್ (ತೆಂಗಿನ ನಾರಿನ ಪುಡಿ) ಹರಡುವ ಯೋಜನೆ. ಚದರ ಮೀಟರಿಗೆ 10ರಂತೆ 120 ಗಿಡ, ಬಾಡಿದವುಗಳ ಬದಲಿಗೆ ಇನ್ನೂ 30. ಇಲ್ಲಿ ಒಂದು ತೊಡಕಿದೆ: ಮೇಲಿನ ಕೋಕೋಪಿಟ್ ಒದ್ದೆಯಾಗಿ ಕಂಡರೂ ಕುಂಡದೊಳಗಿನ ಬೇರು ಒಣಗಿರಬಹುದು. ಪ್ರತಿ ಕುಂಡದ ಬಾಯಿಗೇ ನೀರು ಹಾಕಬೇಕು. ನೆರಳುಬಲೆಯಿಂದ ನೇರ ಬಿಸಿಲಿಗೆ ತಂದರೆ ಎಲೆ ಸುಡುತ್ತದೆ, ಅದಕ್ಕೆ ಎರಡು ವಾರ ಮೊದಲೇ ಸ್ವಲ್ಪಸ್ವಲ್ಪ ಬಿಸಿಲಿಗೆ ಒಗ್ಗಿಸುತ್ತಿದ್ದೇನೆ.

ನೀರಿನ ಕಾಲುವೆ 3 ಮೀಟರ್ ಉದ್ದ, 40 ಸೆಂ.ಮೀ. ಅಗಲ, 20 ಸೆಂ.ಮೀ. ಆಳ. ಎಲ್ಲ ಬದಿಗೂ 30 ಸೆಂ.ಮೀ. ಅಂಚು ಬಿಟ್ಟು 4×1.4 ಮೀಟರ್ ಲೈನರ್ (ನೀರು ಸೋರದ ಹಾಳೆ) ತರಿಸಿದ್ದೇನೆ. ಗಿಡ ಜೋಡಿಸುವ ಮೊದಲೇ ನೀರು ತುಂಬಿ ಒಂದು ದಿನ ಸೋರಿಕೆ ನೋಡುವುದು ಖಂಡಿತ.

ಬಲ್ಲವರು ದಯವಿಟ್ಟು ತಿಳಿಸಿ:

3 ಮೀಟರ್ ಎತ್ತರದ ಮರ ಗಾಳಿಗೆ ಬೀಳದಂತೆ ಬೇರುಗಡ್ಡೆಯನ್ನು (ಬೇರು ಹಿಡಿದ ಮಣ್ಣಿನ ಉಂಡೆ) ಕಟ್ಟಿಗೆಯ ಚೌಕಟ್ಟಿಗೆ ಪಟ್ಟಿಯಿಂದ ಬಿಗಿದರೆ ಸಾಕೇ, ಚೌಕಟ್ಟಿನ ಮೇಲೆ ಮರಳಿನ ಚೀಲವೂ ಬೇಕೇ? ಬೇಕಾದರೆ ಎಷ್ಟು ಕಿಲೋ?

ಮೊಗ್ಗು ಬೇಗ ಅರಳದಂತೆ ತಂಪು ನೆರಳಲ್ಲಿಟ್ಟರೆ ಕಾಂಡ ಸೊರಗಿ ಉದ್ದವಾಗುತ್ತದೆ. ಎಷ್ಟು ದಿನದವರೆಗೆ ಹಾಗೆ ಇಡಬಹುದು?